‘ನಮ್ಮಲ್ಲಿ ಆ ರೋಗ ಇಲ್ಲ’ ಅನ್ನಲಿಕ್ಕೂ ಪರೀಕ್ಷೆ ಬೇಕು

ಅಷ್ಟೂರ ಅಂದರೆ ಎಲ್ಲರಿಗೂ ನೆನಪಾಗುವುದು ಬಹಮನಿ ಸುಲ್ತಾನರ ಗುಮ್ಮಟಗಳು. ಅವುಗಳ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ಈ ಸಲ ನಾವು ಗುಮ್ಮಟ ಬಿಟ್ಟು ಗೋದಲಿ ಕಡೆ ಬಂದಿದ್ದೇವೆ. ದನದ ರೋಗಗಳಿಗೂ ಒಂದು ಚರಿತ್ರೆ ಇದೆ. ಅದಕ್ಕೆ ಶಾಸನ ಇಲ್ಲ, ಗೋರಿ ಇಲ್ಲ. ಅದು ಉಳಿದಿರುವುದು ಪ್ರಯೋಗಾಲಯಗಳ ರಿಜಿಸ್ಟರುಗಳಲ್ಲಿ.

ದನ ಸಾಕುವವರು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ: ಹೊರದೇಶದಲ್ಲಿ ಬಂದಿತ್ತಲ್ಲ, ಆ ‘ಹುಚ್ಚು ಹಸು ರೋಗ’, ಅದು ನಮ್ಮಲ್ಲಿ ಇದೆಯಾ? ಇದುವರೆಗೆ ಭಾರತದ ದನಗಳಲ್ಲಿ ಅದು ಪತ್ತೆಯಾಗಿಲ್ಲ. ಇದು ಸಮಾಧಾನದ ಉತ್ತರ. ಆದರೆ ‘ಪತ್ತೆಯಾಗಿಲ್ಲ’ ಅನ್ನುವುದಕ್ಕೂ ‘ಇಲ್ಲ’ ಅನ್ನುವುದಕ್ಕೂ ನಡುವೆ ಒಂದು ಸಂದು ಇದೆ. ಆ ಸಂದನ್ನು ತುಂಬುವುದು ಪರೀಕ್ಷೆ. ಅಂಥ ಒಂದು ಪರೀಕ್ಷೆ ಹೇಗೆ ಬಂತು, ಬಂದ ಮೇಲೆ ಏನೇನು ಹೊರಬಿತ್ತು, ಅದರಿಂದ ಬೀದರ, ಭಾಲ್ಕಿ, ಔರಾದ ಕಡೆಯ ರೈತರು ಏನು ತಿಳಿಯಬೇಕು ಅನ್ನುವುದೇ ಈ ಲೇಖನ.

ದೊಡ್ಡ ರೋಗ ಕಲಿಸಿದ ಪಾಠ

ಮೊದಲು ನಮ್ಮದೇ ನೆಲದ ಒಂದು ಹಳೆಯ ಲೆಕ್ಕ ನೋಡೋಣ. ರಿಂಡರ್‌ಪೆಸ್ಟ್, ಕನ್ನಡದಲ್ಲಿ ದೊಡ್ಡ ರೋಗ. ಅದು ಹೊಕ್ಕ ಊರಲ್ಲಿ ಕೊಟ್ಟಿಗೆಗಳು ಖಾಲಿ ಆಗುತ್ತಿದ್ದವು. ಎತ್ತು ಸತ್ತರೆ ಬಿತ್ತನೆ ನಿಂತಂತೆ. ಅದನ್ನು ತಡೆಯಲೆಂದೇ ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರು ಮಾಡಿತು. ಇವತ್ತು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯ ಬೇರು ಅದೇ. ಆಗ ನಮ್ಮ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ.

1954ರಲ್ಲಿ ಇಡೀ ದೇಶದಲ್ಲಿ ದೊಡ್ಡ ರೋಗದ ನಿರ್ಮೂಲನೆ ಕಾರ್ಯಕ್ರಮ ಶುರುವಾಯಿತು. ಊರೂರಿಗೆ ಹೋಗಿ ಲಸಿಕೆ ಹಾಕಿದರು. ರೋಗ ಕಡಿಮೆಯಾಗುತ್ತ ಬಂತು. ಭಾರತದಲ್ಲಿ ಕೊನೆಯ ಸಲ ಅದು ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ.

ಕಷ್ಟದ ಕೆಲಸ ಆಮೇಲೆ ಬಂತು. ‘ಹೋಯಿತು’ ಅಂತ ಹೇಳುವುದು ಹೇಗೆ? ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡಬಹುದು. ರೋಗದ ಜೊತೆ ಹೋರಾಡಲು ದೇಹವೇ ತಯಾರಿಸಿಕೊಳ್ಳುವ ವಸ್ತುವಿಗೆ ಪ್ರತಿಕಾಯ ಅನ್ನುತ್ತಾರೆ. ಆದರೆ ಲಸಿಕೆ ಹಾಕಿಸಿಕೊಂಡ ದನದ ರಕ್ತದಲ್ಲೂ ಅದು ಇರುತ್ತದೆ, ರೋಗ ಬಂದು ಉಳಿದ ದನದ ರಕ್ತದಲ್ಲೂ ಇರುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯದು. ಹಾಗಾಗಿ ಧೈರ್ಯ ಮಾಡಿ ಲಸಿಕೆ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೇಲೆ ಹುಟ್ಟಿದ ಕರುಗಳ ರಕ್ತ ತೆಗೆದು ನೋಡಬೇಕಾಯಿತು. ಆ ರಕ್ತದಲ್ಲಿ ಪ್ರತಿಕಾಯ ಇಲ್ಲದಿದ್ದರೆ ರೋಗ ಅವುಗಳನ್ನು ಮುಟ್ಟಿಲ್ಲ ಅಂತ ಅರ್ಥ. ಈ ದಾರಿಯಲ್ಲಿ ನಡೆದು 2006ರಲ್ಲಿ ಭಾರತ ದೊಡ್ಡ ರೋಗದ ಸೋಂಕಿನಿಂದ ಮುಕ್ತ ದೇಶ ಎನಿಸಿತು. 2011ರಲ್ಲಿ ಇಡೀ ಜಗತ್ತೇ ಮುಕ್ತ ಅಂತ ಘೋಷಣೆಯಾಯಿತು.

1990ರ ದಶಕದಲ್ಲಿ ಇಂಗ್ಲೆಂಡಿನ ಪರ್‌ಬ್ರೈಟ್ ಸಂಸ್ಥೆಯವರು ದೊಡ್ಡ ರೋಗಕ್ಕೆ ಒಂದು ಪಟ್ಟಿ ಟೆಸ್ಟ್ ತಯಾರಿಸಿದ್ದರು. ದನದ ಕಣ್ಣೀರು ತೆಗೆದು ಪರೀಕ್ಷಿಸಿದರೆ ಕೊಟ್ಟಿಗೆಯಲ್ಲೇ ಗೆರೆ ಮೂಡಿ ಗೊತ್ತಾಗುತ್ತಿತ್ತು. ಗರ್ಭಿಣಿಯರ ಟೆಸ್ಟ್ ಪಟ್ಟಿ ಇದೆಯಲ್ಲ, ಅದೇ ಥರದ್ದು. ಅಂದರೆ ದೊಡ್ಡ ರೋಗ ರಕ್ತದಲ್ಲೂ ಸುಳಿವು ಬಿಡುತ್ತಿತ್ತು, ಕಣ್ಣೀರಿನಲ್ಲೂ ಬಿಡುತ್ತಿತ್ತು. ಇದನ್ನು ನೆನಪಿಡಿ. ಮುಂದೆ ಬರುವ ರೋಗ ಎರಡರಲ್ಲೂ ಸುಳಿವು ಕೊಡುವುದಿಲ್ಲ.

133ನೇ ನಂಬರಿನ ಆಕಳು

1984ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಒಂದು ಫಾರ್ಮಿನಲ್ಲಿ 133ನೇ ನಂಬರಿನ ಆಕಳಿಗೆ ಹುಷಾರು ತಪ್ಪಿತು. ಬೆನ್ನು ಗೂನಾಯಿತು, ಮೈ ಇಳಿಯಿತು. ಆಮೇಲೆ ತಲೆ ನಡುಗತೊಡಗಿತು, ಕಾಲು ಹಿಡಿತಕ್ಕೆ ಸಿಗದಾಯಿತು. ಎರಡು ತಿಂಗಳಲ್ಲಿ ಸತ್ತಿತು. ಏನು ರೋಗ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಇಂಥ ಇನ್ನಷ್ಟು ದನಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸ್ಪಂಜಿನ ಹಾಗೆ ತೂತು ತೂತು ಕಂಡಿತು. 1986ರ ನವೆಂಬರಿನಲ್ಲಿ ವೇಬ್ರಿಡ್ಜ್ ಪಶು ಪ್ರಯೋಗಾಲಯ ಇದೊಂದು ಹೊಸ ರೋಗ ಅಂತ ಗುರುತಿಸಿತು. ಅದಕ್ಕೆ ಬಿ.ಎಸ್.ಇ. ಅಂತ ಹೆಸರಿಟ್ಟರು. ಪತ್ರಿಕೆಗಳು ‘ಮ್ಯಾಡ್ ಕೌ’ ಅಂದವು.

ದನಗಳಿಗೆ ಈ ರೋಗ ಬಂದದ್ದು ಮೇವಿನಿಂದ. ಅಲ್ಲಿ ಕಸಾಯಿಖಾನೆಯಲ್ಲಿ ಉಳಿದ ಮಾಂಸ, ಮೂಳೆ, ನರಗಳನ್ನೆಲ್ಲ ಬೇಯಿಸಿ ಪುಡಿ ಮಾಡಿ, ಪ್ರೋಟೀನ್ ಹೆಚ್ಚಲಿ ಅಂತ ಹಾಲಿನ ದನಗಳ ಮೇವಿಗೆ ಬೆರೆಸುತ್ತಿದ್ದರು. ಹುಲ್ಲು ತಿನ್ನುವ ಪ್ರಾಣಿಗೆ ಅದರ ಜಾತಿಯದೇ ಮೂಳೆ ತಿನ್ನಿಸಿದಂತಾಯಿತು. ಒಂದು ದನದ ರೋಗ ಪುಡಿಯ ಮೂಲಕ ಸಾವಿರ ದನಗಳಿಗೆ ಹೋಯಿತು. 1988ರ ಜುಲೈನಲ್ಲಿ ಬ್ರಿಟನ್ ಅಂಥ ಮೇವನ್ನು ನಿಷೇಧಿಸಿತು. ಆದರೆ ಈ ರೋಗ ಒಳಗೆ ಹೊಕ್ಕು ಹೊರಗೆ ಕಾಣಲು ಸರಾಸರಿ 5 ವರ್ಷ ಹಿಡಿಯುತ್ತದೆ. ಆಗಲೇ ತಿಂದಿದ್ದ ದನಗಳು ವರ್ಷಗಟ್ಟಲೆ ಬೀಳುತ್ತಲೇ ಹೋದವು. ಬ್ರಿಟನ್ ಒಂದರಲ್ಲೇ 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ಖಚಿತವಾಯಿತು.

1996ರ ಮಾರ್ಚ್ 20ರಂದು ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಇನ್ನೂ ಕೆಟ್ಟ ಸುದ್ದಿ ಹೇಳಿತು. ಕೆಲವು ಯುವಕ ಯುವತಿಯರಿಗೆ ಬಂದ ಹೊಸ ಮಿದುಳಿನ ರೋಗಕ್ಕೆ ಬಹುಶಃ ಇದೇ ದನದ ರೋಗ ಕಾರಣ. ಆ ಮನುಷ್ಯ ರೋಗದಿಂದ ಬ್ರಿಟನ್ನಿನಲ್ಲಿ ಮುಂದೆ ಒಟ್ಟು 170ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಆಗಲೂ ಔಷಧಿ ಇರಲಿಲ್ಲ, ಈಗಲೂ ಇಲ್ಲ.

ರಕ್ತ ಸುಳಿವು ಕೊಡಲಿಲ್ಲ

ಇಷ್ಟು ದೊಡ್ಡ ರೋಗಕ್ಕೆ ಒಂದು ರಕ್ತ ಪರೀಕ್ಷೆ ಯಾಕೆ ಮಾಡಲಾಗಲಿಲ್ಲ? ಈ ಕಥೆಯ ಗಂಟು ಇರುವುದು ಇಲ್ಲೇ.

ಕುರಿಗಳಿಗೆ ಬರುವ ಸ್ಕ್ರೇಪಿ ಎಂಬ ರೋಗ ಯುರೋಪಿನವರಿಗೆ 18ನೇ ಶತಮಾನದಿಂದಲೇ ಗೊತ್ತಿತ್ತು. ಕುರಿ ತುರಿಕೆ ತಾಳಲಾರದೆ ಮೈಯನ್ನು ಬೇಲಿಗೆ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಂಡು, ಕಾಲು ಸೋತು ಸಾಯುತ್ತಿತ್ತು. 1936ರಲ್ಲಿ ಫ್ರಾನ್ಸಿನ ಇಬ್ಬರು ಪಶುವೈದ್ಯರು ಇದು ಒಂದು ಕುರಿಯಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ತೋರಿಸಿದರು. ರೋಗ ಕಾಣಲು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಆದರೆ ಇದಕ್ಕೆ ಬ್ಯಾಕ್ಟೀರಿಯಾ ಸಿಗಲಿಲ್ಲ, ವೈರಸ್ ಸಿಗಲಿಲ್ಲ.

1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ ಇದು ರೋಗಾಣುವೇ ಅಲ್ಲ, ಬರೀ ಒಂದು ಪ್ರೋಟೀನ್ ಅಂದರು. ಅದಕ್ಕೆ ಪ್ರಿಯಾನ್ ಅಂತ ಹೆಸರಿಟ್ಟರು. ತುಂಬ ಜನ ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. 1985ರಲ್ಲಿ ಇನ್ನೊಂದು ವಿಷಯ ಹೊರಬಿದ್ದಿತ್ತು: ಆ ಪ್ರೋಟೀನ್ ಆರೋಗ್ಯವಂತ ಪ್ರಾಣಿಗಳ ಮಿದುಳಿನಲ್ಲೂ ಇದೆ. ರೋಗದಲ್ಲಿ ಅದರ ಮಡಿಕೆ ಮಾತ್ರ ಕೆಡುತ್ತದೆ. ಒಂದು ಅಂಗಿಯನ್ನು ಅಡ್ಡಾದಿಡ್ಡಿ ಮಡಚಿಟ್ಟ ಹಾಗೆ. ಕೆಟ್ಟ ಮಡಿಕೆಯದು ಪಕ್ಕದಲ್ಲಿರುವ ಒಳ್ಳೆಯದನ್ನೂ ತನ್ನಂತೆಯೇ ಮಾಡುತ್ತ ಹೋಗುತ್ತದೆ.

ತನ್ನದೇ ಪ್ರೋಟೀನ್ ಆದ್ದರಿಂದ ದೇಹ ಅದನ್ನು ಪರಕೀಯ ಅಂತ ತಿಳಿಯುವುದಿಲ್ಲ. ಪ್ರತಿಕಾಯ ತಯಾರಿಸುವುದಿಲ್ಲ. ಜ್ವರ ಕೂಡ ಬರುವುದಿಲ್ಲ. ದೊಡ್ಡ ರೋಗದಲ್ಲಿ ಮಾಡಿದ ಹಾಗೆ ರಕ್ತ ತೆಗೆದು ನೋಡಿದರೆ ಏನೂ ಸಿಗುವುದಿಲ್ಲ. ಉಳಿದ ದಾರಿ ಎರಡೇ. ಸತ್ತ ದನದ ಮಿದುಳನ್ನು ದಿನಗಟ್ಟಲೆ ಹದ ಮಾಡಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಪರಿಣತರು ಒಂದೊಂದಾಗಿ ನೋಡಬೇಕು. ಇಲ್ಲವೆ ಇಲಿಯ ಮಿದುಳಿಗೆ ಚುಚ್ಚಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ಕಾಯಬೇಕು. ಒಂದೆರಡು ದನಕ್ಕೆ ಇದು ಸರಿ. ಕಸಾಯಿಖಾನೆಗೆ ದಿನಕ್ಕೆ ಸಾವಿರಾರು ದನ ಬರುವ ದೇಶಗಳಿಗೆ ಇದರಿಂದ ಉಪಯೋಗ ಇರಲಿಲ್ಲ.

ಒಂದು ದಿನದಲ್ಲಿ ಉತ್ತರ

ದಾರಿ ತೋರಿಸಿದ್ದು ಕೆಟ್ಟ ಪ್ರೋಟೀನಿನ ಮೊಂಡುತನವೇ. ಪ್ರೋಟೀನೇಸ್-ಕೆ ಎಂಬ ಒಂದು ಕಿಣ್ವ ಇದೆ. ಅದು ಪ್ರೋಟೀನನ್ನು ಅರಗಿಸಿ ಹಾಕುತ್ತದೆ. ಒಳ್ಳೆಯ ಮಡಿಕೆಯ ಪ್ರೋಟೀನ್ ಅದಕ್ಕೆ ಸಿಕ್ಕರೆ ಪೂರ್ತಿ ಕರಗಿ ಹೋಗುತ್ತದೆ. ಕೆಟ್ಟ ಮಡಿಕೆಯದು ಪೂರ್ತಿ ಕರಗುವುದಿಲ್ಲ, ಗಟ್ಟಿ ಭಾಗ ಉಳಿಯುತ್ತದೆ. ಹಾಗಾದರೆ ಮಿದುಳಿನ ಚೂರು ಅರೆದು, ಕಿಣ್ವ ಹಾಕಿ, ಆಮೇಲೂ ಏನಾದರೂ ಉಳಿದಿದೆಯಾ ಅಂತ ನೋಡಿದರಾಯಿತು. ಉಳಿದಿದ್ದರೆ ರೋಗ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಹೊರಬಂದ ಸಂಶೋಧಕರು 1997ರಲ್ಲಿ ಪ್ರಿಯಾನಿಕ್ಸ್ ಎಂಬ ಕಂಪನಿ ಕಟ್ಟಿದರು. ಅವರಲ್ಲಿ ಬ್ರೂನೊ ಓಶ್ ಒಬ್ಬರು. 1985ರಲ್ಲಿ ಈ ಪ್ರೋಟೀನಿನ ಜೀನ್ ಹುಡುಕಿದ ತಂಡದಲ್ಲೂ ಅವರಿದ್ದರು. ಉಳಿದ ಆ ಗಟ್ಟಿ ಭಾಗಕ್ಕೆ ಹೋಗಿ ಅಂಟುವ ಪ್ರತಿಕಾಯವನ್ನು ಇವರು ಪ್ರಯೋಗಾಲಯದಲ್ಲಿ ತಯಾರಿಸಿದರು. ಮಿದುಳು ಬೆನ್ನುಹುರಿಗೆ ಕೂಡುವ ಬುಡದ ಜಾಗದಿಂದ ಒಂದು ಚಿಕ್ಕ ಚೂರು ಸಾಕು. ಒಂದೇ ದಿನದೊಳಗೆ ಉತ್ತರ ಬರುತ್ತಿತ್ತು.

ಹೊಸ ಟೆಸ್ಟ್ ನಂಬುವುದು ಹೇಗೆ? 1999ರಲ್ಲಿ ಯುರೋಪಿನ ಆಯೋಗ ನಾಲ್ಕು ಟೆಸ್ಟುಗಳನ್ನು ಪರೀಕ್ಷೆಗೆ ಹಚ್ಚಿತು. ಬ್ರಿಟನ್ನಿನ ರೋಗಿ ದನಗಳ ಮಿದುಳು, ಈ ರೋಗವೇ ಇಲ್ಲದ ನ್ಯೂಜಿಲೆಂಡಿನಿಂದ ತಂದ ಸಾವಿರಕ್ಕೂ ಹೆಚ್ಚು ಆರೋಗ್ಯವಂತ ದನಗಳ ಮಿದುಳು, ಎರಡನ್ನೂ ಗುರುತು ತಿಳಿಯದ ಹಾಗೆ ಕೊಟ್ಟರು. ಮೂರು ಟೆಸ್ಟುಗಳು ಒಂದೂ ತಪ್ಪದೆ ಬೇರ್ಪಡಿಸಿದವು. ಒಂದು ಸ್ವಿಟ್ಜರ್ಲೆಂಡಿನದು, ಒಂದು ಐರ್ಲೆಂಡಿನದು, ಇನ್ನೊಂದು ಫ್ರಾನ್ಸಿನದು.

ಒಂದು ಮಿತಿಯನ್ನೂ ಹೇಳಿಬಿಡಬೇಕು. ಈ ಟೆಸ್ಟು ಜೀವಂತ ದನಕ್ಕೆ ಆಗುವುದಿಲ್ಲ. ಕುರಿಯ ಸ್ಕ್ರೇಪಿಗಾದರೆ ಕಣ್ಣಿನ ಒಳರೆಪ್ಪೆಯ ಚೂರು ತೆಗೆದು ಬದುಕಿರುವಾಗಲೇ ನೋಡುವ ಉಪಾಯ ಸಿಕ್ಕಿದೆ. ದನದಲ್ಲಿ ಈ ಪ್ರಿಯಾನ್ ಹೆಚ್ಚಾಗಿ ಮಿದುಳು ನರಗಳಲ್ಲೇ ಅಡಗಿರುತ್ತದೆ. ಅದೂ ರೋಗ ಹೊರಗೆ ಕಾಣುವ ಕೆಲವು ತಿಂಗಳ ಮುಂಚೆಯಷ್ಟೇ ಟೆಸ್ಟಿಗೆ ಸಿಗುತ್ತದೆ. ಎಳೆಯ ದನದಲ್ಲಿ ಟೆಸ್ಟ್ ‘ಇಲ್ಲ’ ಅಂದರೆ ಅದಕ್ಕೆ ಬೆಲೆ ಕಡಿಮೆ.

‘ನಮ್ಮಲ್ಲಿ ಇಲ್ಲ’ ಅಂದವರಿಗೆ ಏನಾಯಿತು

ಸ್ವಿಟ್ಜರ್ಲೆಂಡ್ 1999ರಲ್ಲೇ ಈ ಟೆಸ್ಟನ್ನು ಕೆಲಸಕ್ಕೆ ಹಚ್ಚಿತು. ರೋಗಿ ಅಂತ ವರದಿಯಾದ ದನಗಳನ್ನಷ್ಟೇ ನೋಡಲಿಲ್ಲ. ತಾವಾಗಿ ಸತ್ತ ದನ, ಕಾಲು ಮುರಿದು ತುರ್ತಾಗಿ ಕಡಿದ ದನ, ಇವುಗಳ ಮಿದುಳನ್ನೂ ನೋಡಿತು. ಯಾರೂ ವರದಿ ಮಾಡದಿದ್ದ ರೋಗಿ ದನಗಳು ಅಲ್ಲಿ ಸಿಕ್ಕವು. ‘ಮುದಿಯಾಗಿತ್ತು, ಬಿದ್ದು ಸತ್ತಿತು’ ಅಂತ ಜನ ಬಿಟ್ಟಿದ್ದ ದನಗಳವು.

ಜರ್ಮನಿಯಲ್ಲಿ ಹೊರಗಿನಿಂದ ತಂದ ದನಗಳಲ್ಲಿ ಮಾತ್ರ ರೋಗ ಕಂಡಿತ್ತು. ತಮ್ಮ ನೆಲದಲ್ಲಿ ಹುಟ್ಟಿದ ದನಕ್ಕೆ ಬಂದಿಲ್ಲ ಅಂತ ಅಲ್ಲಿಯವರು ನೆಮ್ಮದಿಯಾಗಿದ್ದರು. 2000ದ ನವೆಂಬರಿನಲ್ಲಿ ಟೆಸ್ಟಿಗೆ ಒಂದು ಸ್ವದೇಶಿ ದನ ಸಿಕ್ಕಿತು. ಜನವರಿ ಬರುವಷ್ಟರಲ್ಲಿ ಆರೋಗ್ಯ ಮಂತ್ರಿ, ಕೃಷಿ ಮಂತ್ರಿ ಇಬ್ಬರೂ ರಾಜೀನಾಮೆ ಕೊಟ್ಟರು. ಸ್ಪೇನಿನಲ್ಲೂ ಅದೇ ನವೆಂಬರಿನಲ್ಲಿ ಸಿಕ್ಕಿತು. 2001ರಿಂದ ಯುರೋಪ್ ಒಕ್ಕೂಟದಲ್ಲಿ ಆಹಾರಕ್ಕೆ ಕಡಿಯುವ 30 ತಿಂಗಳು ದಾಟಿದ ದನಕ್ಕೆಲ್ಲ ಟೆಸ್ಟ್ ಕಡ್ಡಾಯವಾಯಿತು. ಆ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ದನಗಳ ಮಿದುಳು ನೋಡಿದರು. 2001ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲೂ ಮೊದಲ ದನ ಸಿಕ್ಕಿತು. ಮುಂದಿನ ತಿಂಗಳೇ ಅಲ್ಲಿ ಕಸಾಯಿಖಾನೆಗೆ ಬರುವ ಪ್ರತಿ ದನಕ್ಕೂ ಟೆಸ್ಟ್ ಶುರುವಾಯಿತು.

ಟೆಸ್ಟ್ ರೋಗ ತರಲಿಲ್ಲ. ಮೊದಲೇ ಇದ್ದದ್ದನ್ನು ತೋರಿಸಿತು. ಇನ್ನೊಂದು ಅಚ್ಚರಿಯೂ ಆಯಿತು. 2004ರಲ್ಲಿ ಇಟಲಿ ಮತ್ತು ಫ್ರಾನ್ಸಿನ ವಿಜ್ಞಾನಿಗಳಿಗೆ ಈ ಟೆಸ್ಟುಗಳಲ್ಲಿ ಬೇರೆ ನಮೂನೆಯ ಬಿ.ಎಸ್.ಇ. ಕಂಡಿತು. ಅದು ವಯಸ್ಸಾದ ದನಗಳಲ್ಲಿ, ತೀರ ಅಪರೂಪವಾಗಿ, ಮೇವಿನ ದೋಷ ಇಲ್ಲದೆಯೂ ತಾನಾಗಿ ಹುಟ್ಟಬಹುದು ಅಂತ ತಜ್ಞರ ಅಭಿಪ್ರಾಯ.

ರೋಗವನ್ನು ಇಳಿಸಿದ್ದು ಮಾತ್ರ ಟೆಸ್ಟ್ ಅಲ್ಲ, ಮೇವಿನ ನಿಷೇಧ. ಮಿದುಳು, ಬೆನ್ನುಹುರಿ ಜನರ ಊಟಕ್ಕೆ ಹೋಗದಂತೆ ತಡೆದದ್ದರಿಂದ ಮನುಷ್ಯರು ಉಳಿದರು. ಕೆಲಸ ಫಲಿಸಿತೋ ಇಲ್ಲವೋ ಅಂತ ಲೆಕ್ಕ ಹೇಳಿದ್ದು ಟೆಸ್ಟ್. ಲೆಕ್ಕ ಚೆನ್ನಾಗಿ ಬಂದ ಮೇಲೆ, 2013ರಿಂದ, ಯುರೋಪಿನ ಬಹಳ ದೇಶಗಳಿಗೆ ಆರೋಗ್ಯವಂತ ದನಗಳ ಟೆಸ್ಟ್ ನಿಲ್ಲಿಸಲು ಅವಕಾಶ ಸಿಕ್ಕಿತು.

ಭಾರತದ ಲೆಕ್ಕ

ನಮ್ಮ ದೇಶಕ್ಕೆ ಪ್ರಿಯಾನ್ ಪೂರಾ ಹೊಸದಲ್ಲ. ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಸ್ಕ್ರೇಪಿ ಕಂಡದ್ದನ್ನು ಜ್ಲಾಟ್ನಿಕ್ ಮತ್ತು ಕಟಿಯಾರ್ ಎಂಬ ಸಂಶೋಧಕರು 1961ರಲ್ಲೇ ಬ್ರಿಟಿಷ್ ಪಶುವೈದ್ಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಮನುಷ್ಯರಿಗೆ ತಾನಾಗಿ ಬರುವ ಸಿ.ಜೆ.ಡಿ. ಎಂಬ ಪ್ರಿಯಾನ್ ರೋಗದ ಪ್ರಕರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್ ದಾಖಲಿಸುತ್ತ ಬಂದಿದೆ. ಅದು ದನದಿಂದ ಬರುವುದಲ್ಲ.

ದನಗಳ ಬಿ.ಎಸ್.ಇ. ವಿಷಯದಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2010ರಲ್ಲಿ ಭಾರತವನ್ನು ‘ನಗಣ್ಯ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಿತು. ನಮ್ಮ ದನಗಳು ತಿನ್ನುವುದು ಜೋಳದ ಕಣಿಕೆ, ತೊಗರಿ ಹೊಟ್ಟು, ಸೋಯಾ ಹೊಟ್ಟು, ಹಿಂಡಿ. ಇದೇ ನಮ್ಮ ದೊಡ್ಡ ರಕ್ಷಣೆ. ಹಾಲು, ಮಾಂಸ ಕೊಡುವ ಪ್ರಾಣಿಗಳ ಮೇವಿನಲ್ಲಿ ದನ, ಹಂದಿ ಮೂಲದ ಮಾಂಸ-ಮೂಳೆ ಪುಡಿ ಇರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದೆ. ಚೀಲದ ಪಶು ಆಹಾರ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ ಕೊಳ್ಳಿ, ಹೆಸರಿಲ್ಲದ ಅಗ್ಗದ ಚೀಲ ಬಿಡಿ ಅಂತ ನಾವು ಹೇಳುವುದು ಇದಕ್ಕೇ.

ಆದರೆ ಈ ಪಟ್ಟಿಯಲ್ಲಿ ಉಳಿಯಬೇಕಾದರೆ ಕಣ್ಣು ತೆರೆದಿರಬೇಕು. ನರದ ತೊಂದರೆಯಿಂದ ಸತ್ತ ದನಗಳ ಮಿದುಳು ಪರೀಕ್ಷೆಗೆ ಹೋಗುತ್ತಿರಬೇಕು. ನಮ್ಮಲ್ಲಿ ಎತ್ತು, ಆಕಳು ಮುದಿಯಾಗುವವರೆಗೆ ಬದುಕುತ್ತವೆ. ದೇವಣಿ ಎತ್ತನ್ನು ಮನೆಯ ಮಗನಂತೆ ಸಾಕುವ ಸೀಮೆ ಇದು. ಮುದಿ ದನ ತಡವರಿಸಿ ಬಿದ್ದು ಸತ್ತರೆ ಹೂಳಿ ಬರುತ್ತೇವೆ. ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರೋಗ ಸಿಕ್ಕಿದ್ದು ಇಂಥ ದನಗಳಲ್ಲೇ ಅನ್ನುವುದನ್ನು ಮರೆಯಬಾರದು.

ನಮ್ಮೂರಲ್ಲಿ ದನಕ್ಕೆ ಹುಚ್ಚು ಹಿಡಿದರೆ

ಈಗ ಅಸಲಿ ಮಾತು. ಬೀದರ ಜಿಲ್ಲೆಯಲ್ಲಿ ನಾಳೆ ಒಂದು ಎಮ್ಮೆ ಜೊಲ್ಲು ಸುರಿಸುತ್ತ, ವಿಕಾರವಾಗಿ ಒದರುತ್ತ, ಕಂಡವರ ಮೈಮೇಲೆ ಬಂದರೆ ಅದು ಮ್ಯಾಡ್ ಕೌ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ. ಮೊದಲು ಅನುಮಾನ ಪಡಬೇಕಾದದ್ದು ರೇಬೀಸ್, ಹುಚ್ಚುನಾಯಿ ಕಡಿತದ ರೋಗ. ಅದು ನಮ್ಮಲ್ಲಿ ಇದೆ. ಲಕ್ಷಣ ಕಂಡ ಮೇಲೆ ಮನುಷ್ಯರು ಬದುಕುವುದು ಇಲ್ಲವೇ ಇಲ್ಲ ಅನ್ನಬಹುದು.

ರೇಬೀಸಿನ ಖಚಿತ ಪರೀಕ್ಷೆಗೂ ಬೇಕಾದದ್ದು ಸತ್ತ ಪ್ರಾಣಿಯ ಮಿದುಳೇ. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ರೋಗಿ ಪ್ರಾಣಿಯ ಮಿದುಳಿನ ಕೋಶಗಳಲ್ಲಿ ಒಂದು ಥರದ ಚುಕ್ಕೆಗಳನ್ನು ಕಂಡರು. ದಶಕಗಳ ಕಾಲ ಅದೇ ಪರೀಕ್ಷೆ. ಆದರೆ ಎಲ್ಲ ರೋಗಿ ಪ್ರಾಣಿಗಳಲ್ಲೂ ಆ ಚುಕ್ಕೆ ಸಿಗುವುದಿಲ್ಲ. 1958ರಲ್ಲಿ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯದ ಪರೀಕ್ಷೆ ಬಂತು. ಅದಕ್ಕೆ ದುಬಾರಿ ಸೂಕ್ಷ್ಮದರ್ಶಕ ಬೇಕು. ಆಮೇಲೆ ಸಾದಾ ಸೂಕ್ಷ್ಮದರ್ಶಕದಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಪರೀಕ್ಷೆಯೂ ಬಂದಿದೆ. ನಮ್ಮ ಬೀದರಿನ ನಂದಿನಗರದಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಹೆಬ್ಬಾಳ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ.

ಹಾಗಾಗಿ ಇಷ್ಟು ಮಾಡಿ. ಜೊಲ್ಲು ಸುರಿಸುವ ದನದ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ನಮ್ಮ ಕಡೆ ಜನ ಮೊದಲು ಮಾಡುವುದೇ ಇದು, ಅಪಾಯವೂ ಇಲ್ಲೇ. ದನವನ್ನು ಬೇರೆ ಕಟ್ಟಿ, ಹಾಲು ಕರೆಯುವುದು ನಿಲ್ಲಿಸಿ, ಪಶು ಆಸ್ಪತ್ರೆಗೆ ಫೋನ್ ಮಾಡಿ. ಜೊಲ್ಲು ಗಾಯಕ್ಕೋ ಕಣ್ಣಿಗೋ ಬಾಯಿಗೋ ತಾಗಿದ್ದರೆ, ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಕಣ್ಣು ಬಾಯಿಯನ್ನು ಬರೀ ನೀರಿನಿಂದ ತೊಳೆಯಿರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ದನದ ಪರೀಕ್ಷೆಯ ಉತ್ತರ ಬರಲಿ ಅಂತ ಲಸಿಕೆಗೆ ಕಾಯಬೇಡಿ. ದನ ಸತ್ತರೆ ಡಾಕ್ಟರು ನೋಡುವ ಮುಂಚೆ ಹೂಳಬೇಡಿ, ಸುಲಿಯಲು ಬಿಡಬೇಡಿ. ತಲೆಗೆ ನೀವೇ ಕೈ ಹಾಕಬೇಡಿ, ಮಾದರಿ ತೆಗೆಯುವುದು ಅವರ ಕೆಲಸ. ‘ಇದರ ಮಿದುಳು ಪರೀಕ್ಷೆಗೆ ಕಳಿಸುತ್ತೀರಾ?’ ಅಂತ ಕೇಳುವುದು ನಿಮ್ಮ ಹಕ್ಕು.

ಆ ಒಂದು ಪ್ರಶ್ನೆಯಿಂದ ಎರಡು ಕೆಲಸ ಆಗುತ್ತದೆ. ರೇಬೀಸ್ ಇದ್ದರೆ ನಿಮ್ಮ ಮನೆಯವರ ಜೀವ ಉಳಿಸಲು ದಾರಿ ಸಿಗುತ್ತದೆ. ಇಲ್ಲದಿದ್ದರೆ ಮತ್ತೇನು ಅಂತ ಹುಡುಕಲು ವೈದ್ಯರ ಕೈಯಲ್ಲಿ ಮಾದರಿ ಇರುತ್ತದೆ. ಇಂಥ ಒಂದೊಂದು ಮಾದರಿಯಿಂದಲೇ ‘ನಮ್ಮಲ್ಲಿ ಆ ರೋಗ ಇಲ್ಲ’ ಅನ್ನುವ ಮಾತಿಗೆ ತೂಕ ಬರುವುದು. ದೊಡ್ಡ ರೋಗ ಹೋಯಿತು ಅಂತ ಭಾರತ ಜಗತ್ತಿಗೆ ಹೇಳಲು ಆದದ್ದು ನಮ್ಮಂಥ ಹಳ್ಳಿಯವರು ಹಗ್ಗ ಹಿಡಿದು ನಿಂತು ತಮ್ಮ ಕರುಗಳ ರಕ್ತ ಕೊಡಿಸಿದ್ದರಿಂದ.